ಅಲುಗಾಡದ ರೆಕ್ಕೆ

ನಾನು ಇಂಜಿನಿಯರ್. ಈ ವಿಷಯವನ್ನು ಮೊದಲ ವಾಕ್ಯದಲ್ಲೇ ಹೇಳಿಬಿಡುವುದು ನನ್ನ ಅಭ್ಯಾಸ. ಲಿಫ್ಟಿನಲ್ಲಿ ಸಿಕ್ಕವರಿಗೂ ಹೇಳುತ್ತೇನೆ, ಮೀನಿನ ಅಂಗಡಿಯಾಕೆಗೂ ಹೇಳಿದ್ದೇನೆ. ನಾವು ಮೀನು ತಿನ್ನುವುದಿಲ್ಲ, ಆ ಮಾತು ಬೇರೆ. ನಮ್ಮ ವಂಶದಲ್ಲಿ ಡಿಗ್ರಿ ಎಂಬುದನ್ನು ಮುಟ್ಟಿದ ಮೊದಲ ಮನುಷ್ಯ ನಾನು. ನನಗಿಂತ ಮುಂಚೆ ನಮ್ಮ ಮನೆಯವರು ಯಾರಾದರೂ ಕಾಲೇಜಿನೊಳಗೆ ಕಾಲಿಟ್ಟಿದ್ದರೆ, ಅದು ವಾರ್ಷಿಕೋತ್ಸವಕ್ಕೆ ಶಾಮಿಯಾನ ಹಾಕಲು ಮಾತ್ರ.

ಇದು ಉತ್ಪ್ರೇಕ್ಷೆಯಲ್ಲ. ಚಳ್ಳಕೆರೆಯಲ್ಲಿ ನಮ್ಮಪ್ಪನದು ಶಾಮಿಯಾನ ಬಾಡಿಗೆಗೆ ಕೊಡುವ ಕಸುಬು. ಮದುವೆ, ತಿಥಿ, ಚುನಾವಣಾ ಭಾಷಣ, ಏನೇ ಇರಲಿ, ಕಂಬ, ಬಟ್ಟೆ, ಹಗ್ಗ ನಮ್ಮದು. ಬೇರೆ ಹುಡುಗರು ಮದುವೆಗೆ ಊಟಕ್ಕೆ ಹೋದರೆ ನಾನು ಕಂಬ ಹಿಡಿಯಲು ಹೋಗುತ್ತಿದ್ದೆ. ಅಪ್ಪ ಹಗ್ಗ ಕಟ್ಟಿ ಮುಗಿಸುವವರೆಗೆ ಕಂಬ ಅಲುಗಾಡದಂತೆ ಹಿಡಿದು ನಿಲ್ಲಬೇಕು. ಮೂಗು ತುರಿಸಿದರೂ ಕೈ ಬಿಡುವಂತಿಲ್ಲ! ಒಮ್ಮೆ ನನ್ನ ಕ್ಲಾಸಿನ ಹುಡುಗಿಯೊಬ್ಬಳು ರೇಷ್ಮೆ ಲಂಗ ಉಟ್ಟುಕೊಂಡು ಬಂದು, "ಏನೋ ಮಂಜ, ನೀನೂ ಮದುವೆಗೆ ಬಂದಿದೀಯಾ?" ಎಂದಳು. ನಾನು ಕಂಬದ ಹಿಂದೆ ಅಡಗಿಕೊಳ್ಳಲು ನೋಡಿದೆ. ಕಂಬ ನನಗಿಂತ ತೆಳ್ಳಗಿತ್ತು.

ಹಾಗಾಗಿ ಬಿ.ಇ. ಫಲಿತಾಂಶ ಬಂದ ದಿನ ಅಪ್ಪನ ಎದುರು ಎದೆಯುಬ್ಬಿಸಿ ನಿಂತು ಘೋಷಿಸಿದೆ:

"ಅಪ್ಪಾ, ಇನ್ನು ಈ ಜನ್ಮದಲ್ಲಿ ನಾನು ಶಾಮಿಯಾನದ ಕಂಬ ಹಿಡಿಯಲ್ಲ!"

ಅಪ್ಪ ಹಗ್ಗ ಸುತ್ತುತ್ತಲೇ, "ಆಯ್ತು ಬಿಡು ಮಗಾ. ಈಗ ಈ ತುದಿ ಒಂಚೂರು ಹಿಡ್ಕೋ" ಎಂದರು.

ಆಮೇಲೆ ನಾನು ನಿಜಕ್ಕೂ ಹಿಡಿಯಲಿಲ್ಲ. ಸಮುದ್ರ ದಾಟಿ ಸಿಂಗಪುರಕ್ಕೆ ಬಂದೆ. ದಿನಾ ಬೆಳಿಗ್ಗೆ ಕಂಪನಿ ಬಸ್ಸು ಹತ್ತಿ ಜುರಾಂಗ್ ಐಲ್ಯಾಂಡಿಗೆ ಹೋಗುತ್ತೇನೆ. ಅಲ್ಲಿನ ಕಾರ್ಖಾನೆಯೊಂದರಲ್ಲಿ ದೊಡ್ಡ ದೊಡ್ಡ ಪೈಪುಗಳು ಅಲುಗಾಡದಂತೆ ನೋಡಿಕೊಳ್ಳುವುದು ನನ್ನ ಉದ್ಯೋಗ. ಪೈಪು ಅಲುಗಾಡಿದರೆ ನನಗೆ ಬೈಗುಳ, ಅಲುಗಾಡದಿದ್ದರೆ ಸಂಬಳ. "ಅಂದ್ರೆ ಅಲ್ಲೂ ಕಂಬಾನೇ ಹಿಡಿಯೋದು ಅನ್ನಿ" ಎಂದು ನನ್ನ ಹೆಂಡತಿ ಕವಿತಾ ಒಮ್ಮೆ ಹೇಳಿದ್ದಳು. ವಿದ್ಯಾವಂತನಾದ ನಾನು ಅಂಥ ಮಾತುಗಳನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಕವಿತಾಳ ವಿಷಯ ಸ್ವಲ್ಪ ಹೇಳಬೇಕು. ದಾವಣಗೆರೆಯಲ್ಲಿ ಅವಳು ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ಕೂರುತ್ತಿದ್ದವಳು. ದಿನವಿಡೀ ಊರಿನ ಅರ್ಧ ಜನರ ಜೊತೆ ಮಾತು, ನಗು, ಜಗಳ. ನನ್ನ ಹಿಂದೆ ಹೌಗಾಂಗಿನ ಈ ಫ್ಲ್ಯಾಟಿಗೆ ಬಂದ ಮೇಲೆ ಅವಳ ಮಾತೇ ನಿಂತುಹೋಯಿತು. ನಾನು ಬಸ್ಸಿಗೆ, ಮಗಳು ಚಿನ್ನು ಸ್ಕೂಲಿಗೆ, ಇವಳೊಬ್ಬಳೇ ಗೋಡೆಗಳ ನಡುವೆ. ಒಂದು ದಿನ ಲಿಫ್ಟಿನೊಳಗಿನ ದನಿ "ಡೋರ್ಸ್ ಕ್ಲೋಸಿಂಗ್" ಎಂದಾಗ ಇವಳು "ಆಯ್ತಮ್ಮ, ಊಟ ಆಯ್ತಾ?" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಹೀಗಿರುವಾಗ ಒಂದು ಸಂಜೆ ಕಸ ಹಾಕಲು ಕೆಳಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಎರಡೂ ಕೈಗೆ ಗೋಂದು, ತಲೆಯಲ್ಲಿ ನೀಲಿ ಪುಕ್ಕ, ಮುಖದ ತುಂಬಾ ನಗು!

"ರೀ, ಕೆಳಗೆ ವಾಯ್ಡ್ ಡೆಕ್‌ನಲ್ಲಿ ಹಕ್ಕಿ ಮಾಡ್ತಿದಾರೆ!" ಎಂದಳು.

ನಮ್ಮ ಬ್ಲಾಕಿನ ಕೆಳಗಿನ ಖಾಲಿ ಜಾಗದಲ್ಲಿ, ಕಲ್ಲುಬೆಂಚುಗಳ ಸುತ್ತ, ಮಾರ್ಲೀನ್ ಆಂಟಿಯ ಗುಂಪು ಬೀಡುಬಿಟ್ಟಿತ್ತು. ಆಂಟಿ ಟ್ರಿನಿಡಾಡಿನವರು. ಹಡಗಿನ ಕ್ಯಾಪ್ಟನ್ ಒಬ್ಬರನ್ನು ಮದುವೆಯಾಗಿ ಎಂದೋ ಇಲ್ಲಿಗೆ ಬಂದು, ಸಂಗೀತದ ಟೀಚರ್ ಆಗಿ ರಿಟೈರ್ ಆದವರು. ಕಲ್ಲಾಂಗಿನ ನದಿ ದಂಡೆಯಲ್ಲಿ ಕೆರಿಬಿಯನ್ ಕಾರ್ನಿವಲ್ ಮೆರವಣಿಗೆ ಇದೆ, ನಮ್ಮ ಬ್ಲಾಕಿನಿಂದ ಒಂದು ತಂಡ ಹೊರಡಬೇಕು, ಎಲ್ಲರೂ ಮಿಂಚುಳ್ಳಿ ಹಕ್ಕಿಗಳಾಗಬೇಕು ಎನ್ನುವುದು ಅವರ ಹಟ. ಅವರ ಊರಿನಲ್ಲಿ ಕಾರ್ನಿವಲ್ ವೇಷಗಳನ್ನು ಕೊಂಡು ತರುವುದಿಲ್ಲವಂತೆ. ಕೇರಿಯವರೆಲ್ಲ ಒಂದು ಕಡೆ ಕೂತು ಕಟ್ಟುತ್ತಾರೆ. ಹೋಗುವವರು ಬರುವವರು ಯಾರೇ ಇಣುಕಲಿ, ಕೈಗೊಂದು ಗೋಂದಿನ ಡಬ್ಬಿ, ಬಾಯಿಗೊಂದು ತಿಂಡಿ.

ಅಲ್ಲಿ ಎರಡೇ ನಿಯಮ. ಆಂಟಿ ಮಾತನಾಡುವುದು ಹಾಡಿನಂತೆ ಏರಿಳಿಯುವ ಇಂಗ್ಲಿಷು. ನನಗೆ ಅರ್ಥವಾದಷ್ಟನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಏನೇ ಕಟ್ಟಿದ್ರೂ ಇಲ್ಲೇ ಕಟ್ಟಬೇಕು, ಎಲ್ಲರ ಮುಂದೆ. ಮನೆಗೆ ತಗೊಂಡು ಹೋಗೋ ಹಾಗಿಲ್ಲ. ಆಮೇಲೆ, ಬಟ್ಟೆ ಹಾಕೋ ಮುಂಚೆ ಖಾಲಿ ಫ್ರೇಮ್ ಕಟ್ಕೊಂಡು ಕುಣೀಬೇಕು. ಅದು ಕುಣಿದ್ರೆ ಮಾತ್ರ ನಾನು ಬಟ್ಟೆ ಕೊಡೋದು. ಗೊತ್ತಾಯ್ತಾ, ಡಾರ್ಲಿಂಗ್?"

ಕವಿತಾ ದಿನಾ ಹೋದಳು. ಬೆತ್ತ ಬಗ್ಗಿಸುವುದು, ತಂತಿ ಸುತ್ತುವುದು ಕಲಿತಳು. ಹಾಗೆಯೇ ಆಂಟಿಗೆ "ಸಾಕು", "ಬೇಡ", "ಚಿತ್ರಾನ್ನ" ಎಂಬ ಮೂರು ಕನ್ನಡ ಪದಗಳನ್ನೂ ಕಲಿಸಿದಳು. ಕಡೆಗೆ ಒಂದು ದಿನ ಆಂಟಿ ಇವಳನ್ನೇ ತಾಯಿ ಮಿಂಚುಳ್ಳಿಯಾಗಿ ಆರಿಸಿಬಿಟ್ಟರು. ತಂಡದ ಮುಂದೆ, ಎಲ್ಲರಿಗಿಂತ ದೊಡ್ಡ ರೆಕ್ಕೆ ಕಟ್ಟಿಕೊಂಡು ಕುಣಿಯುವ ಪಾತ್ರ! ಆ ಸಂಜೆ ಮನೆಗೆ ಬಂದವಳು ಸೋಫಾದ ಮೇಲೆ ಕೂತು ಮೆಲ್ಲಗೆ, "ಇಲ್ಲಿಗೆ ಬಂದ ಮೇಲೆ ಯಾರಾದ್ರೂ ನನ್ನ ಹೆಸರು ಹಿಡಿದು ಕರೆದಿದ್ದು ಇದೇ ಮೊದಲು ರೀ. ಇಷ್ಟು ದಿನ ಬರೀ ಚಿನ್ನು ಅಮ್ಮ, ಮಿಸೆಸ್ ಮಂಜು" ಎಂದಳು.

ಇದನ್ನು ಓದುಗರು ನೆನಪಿನಲ್ಲಿಡಬೇಕು. ಏಕೆಂದರೆ ನಾನು ಇಡಲಿಲ್ಲ.

ಮರುದಿನ ಶನಿವಾರ. ಹೆಂಡತಿಯ ಖಾಲಿ ಫ್ರೇಮಿನ ಕುಣಿತ ನೋಡಲು ಕೆಳಗೆ ಹೋದೆ. ಅವಳು ಬೆತ್ತದ ರೆಕ್ಕೆ ಬೆನ್ನಿಗೆ ಕಟ್ಟಿಕೊಂಡು ಎರಡು ಹೆಜ್ಜೆ ಹಾಕಿದಳು ನೋಡಿ, ರೆಕ್ಕೆ ಬುಡದಿಂದ ತುದಿಯವರೆಗೆ ನಡುಗಿತು! ಉಳಿದವರೆಲ್ಲ ಚಪ್ಪಾಳೆ ಹೊಡೆದರು. ನಾನು ಹೊಡೆಯಲಿಲ್ಲ. ಇಷ್ಟೊಂದು ಅಲುಗಾಟ! ಜುರಾಂಗ್ ಐಲ್ಯಾಂಡಿನಲ್ಲಿ ಯಾವುದಾದರೂ ಪೈಪು ಹೀಗೆ ನಡುಗಿದ್ದರೆ ಸೈರನ್ ಹೊಡೆದು ಇಡೀ ದ್ವೀಪ ಖಾಲಿ ಮಾಡಿಸುತ್ತಿದ್ದರು.

"ಆಂಟಿ, ಇದು ತುಂಬಾ ಅಲುಗಾಡ್ತಿದೆ" ಎಂದೆ.

"ಹೌದು! ಚೆನ್ನಾಗಿದೆ ಅಲ್ವಾ?" ಎಂದರು ಆಂಟಿ.

"ನಾನು ಇಂಜಿನಿಯರ್."

"ಪರವಾಗಿಲ್ಲ ಡಾರ್ಲಿಂಗ್, ನೀನೂ ಬಂದು ಕೂತ್ಕೋ" ಎಂದು ಅವರು ನನ್ನ ಕೈಗೆ ಒಂದು ಗೋಂದಿನ ಡಬ್ಬಿ ಕೊಟ್ಟರು.

ಬಿ.ಇ., ಫಸ್ಟ್ ಕ್ಲಾಸ್ ವಿತ್ ಡಿಸ್ಟಿಂಕ್ಷನ್. ಕೈಯಲ್ಲಿ ಗೋಂದಿನ ಡಬ್ಬಿ! ಅಷ್ಟರಲ್ಲಿ ದೇವರೇ ಕಳಿಸಿದಂತೆ ರೆಕ್ಕೆಯ ಒಂದು ಗಂಟು ಸಡಿಲವಾಗಿ ಬೆತ್ತವೊಂದು ಪಕ್ಕಕ್ಕೆ ಜಾರಿತು. "ನೋಡಿದ್ರಾ!" ಎಂದು ಕೂಗಿದೆ. ಆಂಟಿ, ಊರಿನಿಂದ ಬರುತ್ತಿದ್ದ ತಮ್ಮ ಮಗಳನ್ನು ಕರೆತರಲು ಏರ್‌ಪೋರ್ಟಿಗೆ ಹೊರಟು ನಿಂತಿದ್ದರು. ನಾನು ಕವಿತಾಳ ಹತ್ತಿರ ಹೋಗಿ, "ಒಂದೇ ಒಂದು ಜಾಯಿಂಟು. ಮನೆಗೆ ತಗೊಂಡು ಹೋಗಿ ಟೈಟ್ ಮಾಡ್ಕೊಡ್ತೀನಿ" ಎಂದೆ.

"ಮನೆಗೆ ಒಯ್ಯೋ ಹಾಗಿಲ್ಲ ರೀ."

"ಅದು ಹೊಸದಾಗಿ ಕಟ್ಟೋರಿಗೆ. ಇದು ಮೆಂಟೆನೆನ್ಸ್."

ಅವಳು ನನ್ನ ಮುಖ ನೋಡಿದಳು. "ಒಂದೇ ಜಾಯಿಂಟು?"

"ಒಂದೇ."

ಮನೆಯಲ್ಲಿ ಆ ಒಂದು ಜಾಯಿಂಟನ್ನು ತಂತಿಯ ಬದಲು ನಟ್ಟು ಬೋಲ್ಟು ಹಾಕಿ ಬಿಗಿ ಮಾಡಿದೆ. ಒಳ್ಳೆಯದೇ ಆಯಿತು. ಆದರೆ ಈಗ ಆ ಜಾಯಿಂಟು ಗಟ್ಟಿಯಾಗಿ, ಪಕ್ಕದ್ದು ಅದರ ಮುಂದೆ ಬಡಪಾಯಿಯಂತೆ ಕಂಡಿತು. ಅದನ್ನೂ ಬಿಗಿ ಮಾಡಿದೆ. ಸಂಜೆಯ ಹೊತ್ತಿಗೆ ಜಾಯಿಂಟುಗಳೆಲ್ಲ ಗಟ್ಟಿ, ಬೆತ್ತವೇ ದುರ್ಬಲ. ಬೆತ್ತ ತೆಗೆದು ಅಲ್ಯೂಮಿನಿಯಮ್ ಪೈಪು ಹಾಕಿದೆ. ಪೈಪು ಬಂದ ಮೇಲೆ ಅದಕ್ಕೆ ಅಡ್ಡಪಟ್ಟಿ ಬೇಡವೇ? ಬೇಕು. ಅಡ್ಡಪಟ್ಟಿಗೆ ಆನಿಕೆ? ಅದೂ ಬೇಕು! ತೆಗೆದ ಬೆತ್ತಗಳನ್ನು ಕಾರಿಡಾರಿನಲ್ಲಿಟ್ಟಿದ್ದೆ. ಪಕ್ಕದ ಮನೆಯ ಟಾನ್ ಅಂಕಲ್ ಬಂದು, "ಬೇಡವಾ? ನಾನು ತಗೊಳ್ಳಲಾ?" ಎಂದು ತಮ್ಮ ಹಾಗಲಬಳ್ಳಿಗೆ ಚಪ್ಪರ ಹಾಕಿಕೊಂಡರು.

ಮುಂದಿನ ವಾರವೆಲ್ಲ ಆಫೀಸಿನಿಂದ ಬಂದ ಕೂಡಲೇ ಇದೇ ಕೆಲಸ. ಕವಿತಾ ಕೇಳಿದಾಗಲೆಲ್ಲ "ಸರ್ಪ್ರೈಸ್" ಎಂದೆ. ಆಂಟಿ ವಿಚಾರಿಸಿದಾಗ "ರಿಪೇರಿ ನಡೀತಿದೆ" ಎಂದು ಅವಳಿಂದಲೇ ಹೇಳಿಸಿದೆ. ಆಂಟಿ ಕೊಟ್ಟ ಬಟ್ಟೆ ಸೊಳ್ಳೆ ಪರದೆಯಷ್ಟು ತೆಳ್ಳಗಿತ್ತು. ಸಿಂಗಪುರದ ಮಳೆಗೆ ಇದು ಹತ್ತು ನಿಮಿಷ ತಡೆದೀತೇ? ಅದರ ಬದಲು, ಒಂದು ಹನಿ ನೀರೂ ಇಳಿಯದ ದಪ್ಪ ನೀಲಿ ನೈಲಾನ್ ಬಟ್ಟೆ ತಂದು ಬಿಗಿಯಾಗಿ ಎಳೆದು ಕಟ್ಟಿದೆ. ಬಟ್ಟೆ ಎಳೆದು ಕಟ್ಟುವಾಗ ಕೈಗಳು ತಾವಾಗಿಯೇ ಓಡುತ್ತಿದ್ದವು. ಈ ಕೌಶಲ ನನಗೆ ಎಲ್ಲಿಂದ ಬಂತು ಎಂದು ನಾನು ಯೋಚಿಸಲಿಲ್ಲ. ಕಾಲೇಜಿನಲ್ಲಿ ಕಲಿತಿರಬೇಕು ಅಂದುಕೊಂಡೆ.

ಕೊನೆಯಲ್ಲಿ, ಭುಜದ ಪಟ್ಟಿ. ಆಂಟಿಯ ರಿಬ್ಬನ್ನುಗಳನ್ನು ನಾನು ನಂಬುವೆನೇ? ಎತ್ತರದಲ್ಲಿ ಕೆಲಸ ಮಾಡುವವರು ಕಟ್ಟಿಕೊಳ್ಳುವ ಸೇಫ್ಟಿ ಬೆಲ್ಟು ತಂದು ಜೋಡಿಸಿದೆ. ತಾನಾಗಿ ಬಿಚ್ಚಿಕೊಳ್ಳದ ಡಬಲ್ ಲಾಕ್!

ಮೆರವಣಿಗೆಯ ದಿನ ಬೆಳಿಗ್ಗೆ ಪರದೆ ಸರಿಸಿ ತೋರಿಸಿದೆ. ಕವಿತಾ ಅದರ ಸುತ್ತ ಬಂದು ಪೈಪನ್ನು ಮುಟ್ಟಿ ನೋಡಿದಳು.

"ಬೆತ್ತ ಎಲ್ಲಿ?"

"ಅಪ್‌ಗ್ರೇಡ್ ಮಾಡಿದೀನಿ. ಈ ಬೆಲ್ಟ್ ನೋಡು, ಹತ್ತನೇ ಫ್ಲೋರಿಂದ ಬಿದ್ರೂ ರೆಕ್ಕೆ ಕಳಚಲ್ಲ!"

"ರೆಕ್ಕೆ ಕಳಚಲ್ಲ. ನಾನು?"

ಈ ಪ್ರಶ್ನೆ ನನ್ನ ಲೆಕ್ಕದಲ್ಲಿ ಇರಲಿಲ್ಲ. ಅವಳು ಕಟ್ಟಿಕೊಂಡು ನೋಡಿ, "ರೀ, ತುಂಬಾ ಭಾರ. ಒಂದ್ಸಲ ಖಾಲಿ ಫ್ರೇಮಲ್ಲಿ ಕುಣಿದು ನೋಡ್ಬೇಕಿತ್ತು" ಎಂದಳು.

"ಅದೆಲ್ಲ ಲೆಕ್ಕ ಬರದೇ ಇರೋರ ಪದ್ಧತಿ" ಎಂದೆ. ಹಾಗೆಯೇ ಅಂದೆ! ಸೋಫಾದ ಮೇಲಿದ್ದ ಚಿನ್ನು ಫೋನಿನಿಂದ ತಲೆ ಎತ್ತಿ, "ಅಪ್ಪಾ, ಲುಕ್ಸ್ ಲೈಕ್ ಹಾಕರ್ ಸೆಂಟರ್ ರೂಫ್ ಲಾ" ಎಂದಳು. ಇಲ್ಲಿನ ತಿಂಡಿ ಅಂಗಡಿಗಳ ಸಾಲಿನ ಮೇಲಿನ ಮಾಡಿಗೆ ಹೋಲಿಸಿದಳು! ಈಗಿನ ಮಕ್ಕಳಿಗೆ ಸೌಂದರ್ಯಪ್ರಜ್ಞೆ ಇಲ್ಲ.

ರೆಕ್ಕೆಯನ್ನು ಓರೆ ಮಾಡಿ ಲಿಫ್ಟಿಗೆ ತಂದಾಗ ಒಳಗೆ ಟಾನ್ ಅಂಕಲ್ ಇದ್ದರು. ಮೇಲಿಂದ ಕೆಳಗೆ ನೋಡಿದರು.

"ವಾಹ್. ಕ್ಯಾಂಪಿಂಗ್ ಆ?"

"ಇಲ್ಲ ಅಂಕಲ್. ಇದು ಹಕ್ಕಿ."

ಅಂಕಲ್ ಇನ್ನೊಂದು ಸುತ್ತು ನೋಡಿದರು. "ಒಳಗೆ ಎಷ್ಟು ಜನ ಮಲಗಬಹುದು?"

ಆದರೂ ಪಾಪ, ಹಿಡಿಯಲು ಸಹಾಯ ಮಾಡುತ್ತೇನೆಂದು ನಮ್ಮೊಡನೆಯೇ ಕಲ್ಲಾಂಗಿಗೆ ಹೊರಟರು. ಅಲ್ಲಿ ಮಾರ್ಲೀನ್ ಆಂಟಿ ರೆಕ್ಕೆಯನ್ನು ನೋಡಿದರು. ಬೆರಳಿನಿಂದ ಪೈಪನ್ನು ತಟ್ಟಿದರು. ಟಣ್ ಎಂದಿತು. ನನ್ನನ್ನು ನೋಡಿದರು. ನಂತರ ಅವರಿಗೆ ಗೊತ್ತಿದ್ದ ಮೂರು ಕನ್ನಡ ಪದಗಳಲ್ಲಿ ಸಂದರ್ಭಕ್ಕೆ ಒಪ್ಪುವ ಒಂದನ್ನು ಆರಿಸಿಕೊಂಡರು.

"ಬೇಡ."

ಆದರೆ ಬೇರೆ ರೆಕ್ಕೆ ಎಲ್ಲಿದೆ? ನಮ್ಮ ಮುಂದಿನ ತಂಡ ಆಗಲೇ ಹೊರಟಿತ್ತು. ಕೈಗಾಡಿಯ ಮೇಲೆ ಇಟ್ಟಿದ್ದ ನಮ್ಮ ಸ್ಪೀಕರಿನಲ್ಲಿ ಡ್ರಮ್ಮಿನ ಸದ್ದು ಶುರುವಾಯಿತು. ಕವಿತಾ ಹಲ್ಲು ಕಚ್ಚಿ ಬೆಲ್ಟು ಬಿಗಿದುಕೊಂಡಳು.

ಹಿಂದೆ ಇಪ್ಪತ್ತು ಚಿಲ್ಲರೆ ಮಿಂಚುಳ್ಳಿಗಳು. ಒಂದು ಹೆಜ್ಜೆ ಇಟ್ಟರೆ ಸಾಕು, ಬೆತ್ತದ ರೆಕ್ಕೆಗಳೆಲ್ಲ ಸರಸರ ಥರಥರ ಮಿಂಚುತ್ತಿದ್ದವು. ಎಲ್ಲರ ಮುಂದೆ ನನ್ನ ಹೆಂಡತಿ. ಅವಳು ಸೊಂಟ ಕುಣಿಸಿದಳು. ರೆಕ್ಕೆ ಅಲುಗಾಡಲಿಲ್ಲ. ಭುಜ ಕುಣಿಸಿದಳು. ಅಲುಗಾಡಲಿಲ್ಲ! ಇಡೀ ಮೈ ಕುಲುಕಿ ಜಗ್ಗಿದಳು. ನನ್ನ ರೆಕ್ಕೆ ಹೆದ್ದಾರಿಯ ಪಕ್ಕದ ಜಾಹೀರಾತು ಫಲಕದಂತೆ ಗಂಭೀರವಾಗಿ ನಿಂತಿತ್ತು. ನನಗೆ ಒಂದು ಕ್ಷಣ ಹೆಮ್ಮೆಯೇ ಆಯಿತು ಎಂದರೆ ನಂಬುತ್ತೀರಾ? ಇಷ್ಟು ವರ್ಷದ ಸರ್ವೀಸಿನಲ್ಲಿ ನಾನು ಮಾಡಿದ ಅತ್ಯಂತ ಅಲುಗಾಡದ ವಸ್ತು ಅದು.

ದಾರಿಯ ಪಕ್ಕ ನಿಂತಿದ್ದ ದಂಪತಿಗಳು ಅವಳನ್ನು ತಡೆದು, "ರಿಜಿಸ್ಟ್ರೇಷನ್ ಕೌಂಟರ್ ಇದೇನಾ?" ಎಂದು ಕೇಳಿದರು.

ಆಗ ನದಿ ಕಡೆಯಿಂದ ಗಾಳಿ ಬೀಸಿತು. ತೆಳುಬಟ್ಟೆಯ ರೆಕ್ಕೆಗಳೊಳಗಿಂದ ಗಾಳಿ ನುಸುಳಿ ಹೋಯಿತು. ನನ್ನ ನೈಲಾನಿನಲ್ಲಿ ಹೋಗಲು ಜಾಗವೆಲ್ಲಿ? ರೆಕ್ಕೆ ಹಾಯಿಯಂತೆ ಉಬ್ಬಿತು. ಮೆರವಣಿಗೆ ಮುಂದಕ್ಕೆ ಹೋಗುತ್ತಿತ್ತು, ತಾಯಿ ಮಿಂಚುಳ್ಳಿ ಹಿಂದಕ್ಕೆ ಬರುತ್ತಿತ್ತು! ಮರಿ ಮಿಂಚುಳ್ಳಿಗಳು ಚೆಲ್ಲಾಪಿಲ್ಲಿಯಾಗಿ ದಾರಿ ಬಿಟ್ಟವು.

"ರೀ! ಹಿಡ್ಕೊಳ್ರೀ!"

ನಾನು ಓಡಿಹೋಗಿ ಹಿಂದಿನಿಂದ ತಳ್ಳಿದೆ. ಟಾನ್ ಅಂಕಲ್ ಇನ್ನೊಂದು ಕಡೆ. ಕೆಟ್ಟು ನಿಂತ ಲಾರಿ ತಳ್ಳುವಂತೆ ಇಬ್ಬರೂ ಸೇರಿ ನನ್ನ ಹೆಂಡತಿಯನ್ನು ತಳ್ಳುತ್ತಾ ಹೊರಟೆವು. ಜನ ಇದೂ ಕುಣಿತದ ಭಾಗ ಎಂದುಕೊಂಡು ಚಪ್ಪಾಳೆ ತಟ್ಟಿದರು. ವಿಡಿಯೋ ಮಾಡುತ್ತಿದ್ದ ಚಿನ್ನು ಮಾತ್ರ ತಲೆಗೆ ಟೋಪಿ ಎಳೆದುಕೊಂಡು, "ಅಪ್ಪಾ, ಸೋ ಪೈಸೇ ಲಾ!" ಎಂದಳು. ನಾಚಿಕೆಯಾಗುತ್ತಿದೆ ಎನ್ನಲು ಇಲ್ಲಿನ ಮಕ್ಕಳು ಹಾಗೆನ್ನುತ್ತಾರೆ. ನನಗೆ ಆ ಪದದ ಅರ್ಥ ಗೊತ್ತಾಗಿದ್ದೇ ನನ್ನ ಮೇಲೆ ಅದನ್ನು ಬಳಸಿ ಬಳಸಿ.

ತೀರ್ಪುಗಾರರ ವೇದಿಕೆ ಇನ್ನೂ ಸ್ವಲ್ಪ ದೂರವಿತ್ತು. ಕವಿತಾ ನಿಂತುಬಿಟ್ಟಳು. ಕಣ್ಣಿನ ಸುತ್ತ ಬಳಿದಿದ್ದ ನೀಲಿ ಬಣ್ಣ ಕೆನ್ನೆಗೆ ಇಳಿಯುತ್ತಿತ್ತು. ಅದು ಬೆವರೆಂದು ನಾನು ಅಂದುಕೊಳ್ಳಲು ನೋಡಿದೆ.

"ಬಿಚ್ಚಿ" ಎಂದಳು.

"ಕವಿತಾ, ಇನ್ನು ಸ್ವಲ್ಪ..."

"ನಾನು ಕುಣೀಬೇಕು ಅಂತ ಬಂದಿದ್ದು ರೀ. ನಿಲ್ಲೋಕಲ್ಲ. ಬಿಚ್ಚಿ."

ನಾನು ಲಾಕಿಗೆ ಕೈ ಹಾಕಿದೆ. ಡಬಲ್ ಲಾಕು! ಎರಡು ಕಡೆಯೂ ಒಟ್ಟಿಗೆ ಒತ್ತಿ, ತಿರುಗಿಸಿ, ಎಳೆಯಬೇಕು. ಒತ್ತಿದೆ, ತಿರುಗಲಿಲ್ಲ. ತಿರುಗಿಸಿದೆ, ಒತ್ತಲಾಗಲಿಲ್ಲ. ಆಂಟಿ ಕತ್ತರಿ ತಂದು ಪಟ್ಟಿಗೆ ಹಾಕಿದರು. ಕತ್ತರಿಯ ಬಾಯಿ ಮೊಂಡಾಯಿತು. "ಅದನ್ನ ಕತ್ತರಿಸೋಕೆ ಆಗಲ್ಲ ಆಂಟಿ, ಅದೇ ಅದರ ಕ್ವಾಲಿಟಿ" ಎಂದೆ. ಆಂಟಿ ಏನೋ ಅಂದರು. ಅದನ್ನು ಕನ್ನಡದಲ್ಲಿ ಬರೆಯುವುದಿಲ್ಲ. ಎರಡು ಕಡೆಯೂ ಇನ್ನೊಮ್ಮೆ ಒತ್ತಿ ಹಿಡಿದೆ, ತಿರುಗಿಸಿದೆ, ಎಳೆದೆ.

ಕೊನೆಗೆ ಟಿಕ್ ಎಂದು ಲಾಕು ಬಿಟ್ಟುಕೊಂಡಿತು. ಅದೇ ಕ್ಷಣಕ್ಕೆ ಕಾಯುತ್ತಿದ್ದಂತೆ ಮಳೆ ಬಂತು.

ಸಿಂಗಪುರದ ಮಳೆಗೆ ಪೀಠಿಕೆ ಇಲ್ಲ. ನಲ್ಲಿ ತಿರುಗಿಸಿದಂತೆ ಬರುತ್ತದೆ. ಕಾಗದದ ಕೊಕ್ಕು, ಗೋಂದಿನ ಪುಕ್ಕ, ಎಲ್ಲಾ ಹಕ್ಕಿಗಳೂ ಕಿರುಚಿದವು. ಆಂಟಿ, "ಸ್ಪೀಕರ್! ಸ್ಪೀಕರ್ ನೆನೀತಿದೆ!" ಎಂದು ಕೂಗಿದರು. ಸ್ಪೀಕರಿಗೆ ನೀರು ಹೋದರೆ ಹಾಡಿಲ್ಲ, ಹಾಡಿಲ್ಲದಿದ್ದರೆ ಕುಣಿತವಿಲ್ಲ. ಹತ್ತಿರದಲ್ಲಿ ಒಂದು ಮರವೂ ಇಲ್ಲ.

ಆಮೇಲೆ ನಡೆದದ್ದನ್ನು ನಾನು ಯೋಚಿಸಿ ಮಾಡಲಿಲ್ಲ. ಕೈಗಳೇ ಮಾಡಿದವು. ರೆಕ್ಕೆಯ ಬೆನ್ನಿನ ಭಾಗವನ್ನು ನದಿ ದಂಡೆಯ ಕಬ್ಬಿಣದ ಬೇಲಿಗೆ ಸೇಫ್ಟಿ ಬೆಲ್ಟಿನಿಂದಲೇ ಬಿಗಿದೆ. ತಂಡದ ಹೆಸರು ಬರೆದ ಬ್ಯಾನರಿನ ಎರಡು ಕೋಲುಗಳನ್ನು ಕಿತ್ತು ಎರಡು ರೆಕ್ಕೆಗಳ ತುದಿಗೆ ಕೊಟ್ಟೆ. ಒಂದನ್ನು ನಾನು ಹಿಡಿದೆ, ಇನ್ನೊಂದನ್ನು ಟಾನ್ ಅಂಕಲ್. "ಅಂಕಲ್, ಸ್ವಲ್ಪ ಹೊರಗೆ ವಾಲಿಸಿ! ನೀರು ಆಚೆ ಹೋಗ್ಲಿ!" ಎಂದು ನಾನು ಕೂಗುತ್ತಿದ್ದ ದನಿ ನನ್ನದಾಗಿರಲಿಲ್ಲ. ಥೇಟ್ ಅಪ್ಪನದು.

ಒಂದು ಹನಿ ಇಳಿಯಲಿಲ್ಲ. ಗಾಳಿ ಬಡಿಯಿತು, ಒಂದು ಕೂದಲಷ್ಟೂ ಅಲುಗಲಿಲ್ಲ! ಸ್ಪೀಕರ್ ಗಾಡಿ ಒಳಗೆ ಬಂತು, ಚೀಲಗಳು ಬಂದವು, ಇಡೀ ತಂಡ ಒಳಗೆ ಬಂದು ನಿಂತಿತು.

"ಅಂತೂ ಎಷ್ಟು ಜನ ಹಿಡೀತಾರೆ ಅಂತ ಗೊತ್ತಾಯ್ತು" ಎಂದರು ಟಾನ್ ಅಂಕಲ್.

ಒಳಗೆ ಕವಿತಾ ರೆಕ್ಕೆಯಿಲ್ಲದ ಬರಿಬೆನ್ನಿನಲ್ಲಿ ನಿಂತಿದ್ದಳು. ಆಂಟಿ ತಮ್ಮ ಮಗಳ ರೆಕ್ಕೆಯಿಂದ ಒಂದು ಬೆತ್ತ ಎಳೆದು ಕವಿತಾಳ ಬೆನ್ನಿಗೆ ಹಿಡಿದರು, ಅಷ್ಟೇ. ಪಕ್ಕದಾಕೆ ತನ್ನದೊಂದು ಕೊಟ್ಟಳು. ಆಮೇಲೆ ಇನ್ನೊಬ್ಬಳು. ಒಬ್ಬಳು ತಂತಿ, ಒಬ್ಬಳು ಜಡೆಯ ರಿಬ್ಬನ್ನು. ಬಾಯಲ್ಲಿ ಮಾತು, ಕೈಯಲ್ಲಿ ಗಂಟು. ಮಳೆ ತೆಳುವಾಗಿ ತುಂತುರಾಗುವ ಹೊತ್ತಿಗೆ ಕವಿತಾಳ ಬೆನ್ನ ಮೇಲೆ ಎರಡು ರೆಕ್ಕೆ ಮೂಡಿದ್ದವು. ಬಟ್ಟೆಯಿಲ್ಲ, ಪುಕ್ಕವಿಲ್ಲ. ಬರೀ ಬೆತ್ತ, ರಿಬ್ಬನ್ನು.

"ಖಾಲಿ ಫ್ರೇಮ್" ಎಂದಳು ಕವಿತಾ.

"ಕುಣಿದು ತೋರಿಸು" ಎಂದರು ಆಂಟಿ.

ಅವಳು ನಿಂತಲ್ಲೇ ಒಂದು ಹೆಜ್ಜೆ ಹಾಕಿದಳು. ರೆಕ್ಕೆ ಬುಡದಿಂದ ತುದಿಯವರೆಗೆ ಥರಥರ ನಡುಗಿತು. ಎಲ್ಲರೂ ಹೋ ಎಂದರು. ಹೊರಗೆ ಮೈಕಿನಲ್ಲಿ ನಮ್ಮ ತಂಡವನ್ನು ವೇದಿಕೆಯ ಮುಂದೆ ಕರೆದರು. ಹಕ್ಕಿಗಳೆಲ್ಲ ತುಂತುರಿನಲ್ಲೇ ಹಾರಿಹೋದವು. ಸ್ಪೀಕರ್ ಮಾತ್ರ ಇಲ್ಲೇ ಉಳಿಯಬೇಕು, ಒಣ ಜಾಗದಲ್ಲಿ. ಎಂದರೆ ನನ್ನ ಕೆಳಗೆ.

"ನಾನು ಸ್ವಲ್ಪ ನೋಡ್ಕೊಂಡು ಬರ್ತೀನಿ, ಹಾಂ?" ಎಂದರು ಟಾನ್ ಅಂಕಲ್. ತಮ್ಮ ಕಂಬವನ್ನೂ ನನ್ನ ಕೈಗೆ ಕೊಟ್ಟು ಹೊರಟೇಬಿಟ್ಟರು!

ಹೀಗೆ ನಾನು ಎರಡು ಕೈಯಲ್ಲಿ ಎರಡು ಕಂಬ ಹಿಡಿದು ನಿಂತೆ. ಕಂಬ ಬಿಟ್ಟರೆ ಬಟ್ಟೆಯ ಮೇಲೆ ನಿಂತ ನೀರೆಲ್ಲ ಸ್ಪೀಕರಿನ ಮೇಲೆ. ಹಾಡು ನಿಂತರೆ ಅವಳೂ ನಿಲ್ಲಬೇಕು. ವೇದಿಕೆ ನನ್ನ ಕಣ್ಣೆದುರಿಗೇ ಇತ್ತು. ಆದರೆ ನಾನು ಅಷ್ಟು ಬಿಗಿಯಾಗಿ ಎಳೆದು ಕಟ್ಟಿದ, ಒಂದು ಹನಿಯೂ ಇಳಿಯದ ದಪ್ಪ ನೀಲಿ ಬಟ್ಟೆ ಅಡ್ಡ ಇಳಿಬಿದ್ದಿತ್ತು. ಬಗ್ಗಿದರೆ ಅದರ ಅಂಚಿನ ಕೆಳಗೆ ಕಾಲುಗಳಷ್ಟೇ ಕಾಣುತ್ತಿದ್ದವು. ನೀಲಿ ಬಣ್ಣ ಬಳಿದ, ಗೆಜ್ಜೆ ಕಟ್ಟಿದ ಎರಡು ಕಾಲು ಎಲ್ಲರಿಗಿಂತ ಮುಂದೆ. ಅವುಗಳ ಮುಂದೆ ನೆಲದ ಮೇಲೆ ನಿಂತ ನೀರಿನಲ್ಲಿ ರೆಕ್ಕೆಯ ಬಿಂಬ. ಅದು ನಡುಗುತ್ತಲೇ ಇತ್ತು. ಹಕ್ಕಿಗಳ ಜೊತೆ ದನಿಗೂಡಿಸಿ ಜನ ಕೂಗುತ್ತಿದ್ದರು. ಅವರು ಕೂಗುತ್ತಿದ್ದದ್ದು "ಕವಿತಾ! ಕವಿತಾ!" ಎಂದು.

ನನ್ನ ಮೂಗು ತುರಿಸತೊಡಗಿತು. ಕೈ ಬಿಡಲಿಲ್ಲ.

ಬಹುಮಾನ ಬೇರೆ ತಂಡಕ್ಕೆ ಹೋಯಿತು. ಕವಿತಾಳಿಗೆ ಅದರ ಪರಿವೆಯೇ ಇರಲಿಲ್ಲ. ಏದುಸಿರು ಬಿಡುತ್ತಾ ಓಡಿಬಂದು, "ನೋಡಿದ್ರಾ?" ಎಂದಳು.

"ಕಾಲು ನೋಡಿದೆ" ಎಂದೆ. "ಕಾಲು ಚೆನ್ನಾಗಿ ಕುಣೀತು."

ಅವಳು ನನ್ನನ್ನು, ನನ್ನ ಎರಡು ಕಂಬಗಳನ್ನು, ಒದ್ದೆಯಾಗದೆ ನಿಂತಿದ್ದ ಸ್ಪೀಕರನ್ನು ನೋಡಿದಳು. ಆಮೇಲೆ ನನ್ನ ಮೂಗಿನ ಹತ್ತಿರ ಕೈ ತಂದು ತುರಿಸಿದಳು. ಎಲ್ಲಿ ಎಂದು ನಾನು ಹೇಳಲೇ ಇಲ್ಲ. ಮಾರ್ಲೀನ್ ಆಂಟಿ ಬಂದು ಬಟ್ಟೆಯನ್ನು ಕೆಳಗಿನಿಂದ ತಟ್ಟಿ ನೋಡಿ, "ತುಂಬಾ ಗಟ್ಟಿ ಕೆಲಸ, ಡಾರ್ಲಿಂಗ್. ನಾವು ವೇಷ ಕಟ್ಟೋ ಕ್ಯಾಂಪಿಗೆ ಒಂದು ಟೆಂಟ್ ಬೇಕಿತ್ತು" ಎಂದರು. ಪ್ರಶಂಸೆಯೇ ಇರಬೇಕು.

ಇಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಚಿನ್ನು ಕಂಬ ಹಿಡಿದು ನಿಂತ ನನ್ನ ಫೋಟೋ ತೆಗೆದು ಊರಿಗೆ ಕಳಿಸಿಬಿಟ್ಟಿದ್ದಳು. ಮನೆಗೆ ಬಂದು ತಲೆ ಒರೆಸಿಕೊಳ್ಳುತ್ತಿದ್ದೆ, ಅಪ್ಪನ ವಿಡಿಯೋ ಕಾಲು. ಬಿ.ಇ. ಪಾಸಾದ ದಿನವೂ ಅವರ ಮುಖದಲ್ಲಿ ಅಷ್ಟು ಸಂತೋಷ ನೋಡಿರಲಿಲ್ಲ. ಹಿಂದೆ ಓಣಿಯವರೆಲ್ಲ ಇಣುಕುತ್ತಿದ್ದರು.

"ಲೇ ಮಂಜ! ಫೋಟೋ ಎಲ್ರಿಗೂ ತೋರ್ಸಿದೆ ಕಣೋ! ಫಾರಿನ್ನಲ್ಲಿ ನಮ್ಮ ಶಾಮಿಯಾನ ಹಾಕಿದಾನೆ ನನ್ ಮಗ ಅಂತ! ಒಂದು ಮಾತೂ ಹೇಳ್ಲಿಲ್ವಲ್ಲೋ!"

"ಅಪ್ಪಾ, ಅದು ಶಾಮಿಯಾನ ಅಲ್ಲ. ಅದು ಹಕ್ಕಿ. ನಾನು ಇಂಜಿನಿಯರ್..."

ಅಪ್ಪ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದರು. ದನಿ ತಗ್ಗಿಸಿ, ವ್ಯವಹಾರದ ಗಾಂಭೀರ್ಯದಿಂದ ಕೇಳಿದರು:

"ಅದಿರ್ಲಿ. ಕುರ್ಚಿನೂ ನೀವೇ ಕೊಡ್ತೀರಾ?"

ನಾನು ಗೋಡೆಯ ಮೇಲೆ ಕಟ್ಟು ಹಾಕಿಸಿಟ್ಟಿರುವ ನನ್ನ ಡಿಗ್ರಿಯತ್ತ ನೋಡಿದೆ.

"ಇಲ್ಲಪ್ಪಾ" ಎಂದೆ. "ಸದ್ಯಕ್ಕೆ ಕಂಬ ಮಾತ್ರ."